ಕೂದಲಿಂದ ಓದಬಹುದಾದ ಒಂದು ನಟನಾ ಬದುಕು

ಕೆಲವು ವರ್ಷಗಳ ಹಿಂದೆ ನಾನು ಮೇಕಪ್ ಮಾಡುತ್ತಿದ್ದ ಸೀರಿಯಲ್‌ಗೆ ಹೊಸ ಹುಡುಗಿಯೊಬ್ಬಳು ಬಂದಳು. ಎಣ್ಣೆಗಪ್ಪು ಬಣ್ಣ, ದಟ್ಟವಾದ ಗುಂಗುರು ಕೂದಲು. "ಎರಡು ಶೇಡ್ ಏರಿಸಿ, ಕೂದಲು ಸ್ಟ್ರೈಟ್ ಮಾಡಿ" ಅಂದರು. ಮಾಡಿದೆ. ಮುಖಕ್ಕೆ ಒಂದು ಬಣ್ಣ, ಕಿವಿಯ ಹಿಂದೆ ಇನ್ನೊಂದು ಬಣ್ಣ. ಕೈಗೆ ಬೇಸ್ ಹಚ್ಚಿರಲಿಲ್ಲ. ಹಾಗಾಗಿ ಆ ಹುಡುಗಿ ಪ್ರತಿ ಶಾಟ್‌ನಲ್ಲೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಕೈ ಬಚ್ಚಿಟ್ಟುಕೊಂಡು ಯಾರಾದರೂ ಹೇಗೆ ಅಭಿನಯ ಮಾಡಬೇಕು? ಆ ಕೆಲಸ ಮಾಡಿದ್ದು ನನ್ನ ಕೈಗಳೇ ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ಅಮೆರಿಕದ ನಟಿ ಸಿಸಿಲಿ ಟೈಸನ್ ಅವರ ಕೆಲಸವನ್ನು ನಾನು ಹುಡುಕಿ ಹುಡುಕಿ ನೋಡತೊಡಗಿದ್ದು ಆಗಲೇ. ಅವರ ಬದುಕನ್ನು ಪ್ರಶಸ್ತಿಗಳ ಲೆಕ್ಕದಲ್ಲಿ ಹೇಳುವವರು ಜಾಸ್ತಿ. ನನ್ನ ಕಣ್ಣು ಮಾತ್ರ ಅವರ ತಲೆಕೂದಲಿನ ಮೇಲೇ ಹೋಗುತ್ತದೆ.

ಅವರು ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಅಲ್ಲಿನ ಹಾರ್ಲೆಮ್ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಬಂದವರು. ಟೈಸನ್ ಮೊದಲು ರೆಡ್ ಕ್ರಾಸ್ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ಅವರ ಕೂದಲು ನೋಡಿಕೊಳ್ಳುತ್ತಿದ್ದವರೇ ಒಮ್ಮೆ "ನನ್ನ ಹೇರ್ ಶೋಗೆ ಮಾಡೆಲ್ ಆಗ್ತೀಯಾ" ಅಂತ ಕೇಳಿದರಂತೆ. ಅಲ್ಲಿಂದ ಮಾಡೆಲಿಂಗ್, ಆಮೇಲೆ ನಾಟಕ. ಅಮ್ಮ ಚರ್ಚ್ ಬಿಟ್ಟರೆ ಬೇರೆ ಲೋಕ ಇಲ್ಲದವರು. ಮಗಳು ನಟಿಯಾಗುತ್ತೇನೆ ಅಂದಾಗ ಮನೆಯಿಂದ ಹೊರಗೆ ಕಳಿಸಿದರು. ಆಮೇಲೆ ಬಹಳ ಕಾಲ ಮಾತೇ ಆಡಲಿಲ್ಲ.

ಆ ಕಾಲದಲ್ಲಿ ಅಮೆರಿಕದ ಕಪ್ಪು ಹೆಂಗಸರ ಕೂದಲಿನ ಕಥೆ ಸ್ವಲ್ಪ ಹೇಳಬೇಕು. ಲೋಹದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ, ಕೂದಲಿಗೆ ಜಿಡ್ಡು ಸವರಿ, ಬುಡದಿಂದ ಎಳೆಯುವುದು. ಕಿವಿಯ ತುದಿ ಸುಟ್ಟುಕೊಳ್ಳುವುದು ಮಾಮೂಲಿ. ಬೆವರಿದರೆ, ಮಳೆಯಲ್ಲಿ ನೆಂದರೆ ಮತ್ತೆ ಮೊದಲಿನ ಹಾಗೆ. ಆಫೀಸಿಗೆ ಹೋಗಬೇಕಾದರೂ ಟಿವಿಯಲ್ಲಿ ಕಾಣಬೇಕಾದರೂ ಕೂದಲು ನೇರ ಇರಲೇಬೇಕು. ಗುಂಗುರು ಕೂದಲೆಂದರೆ ಬಾಚದ ತಲೆ ಅನ್ನುವ ಲೆಕ್ಕ.

ಟೈಸನ್ ಅವರಿಗೆ ಒಂದು ಲೈವ್ ಟಿವಿ ನಾಟಕದಲ್ಲಿ ಆಫ್ರಿಕಾದ ಹೆಂಗಸಿನ ಪಾತ್ರ ಸಿಕ್ಕಿತು. ಆ ಹೆಂಗಸು ಕೂದಲನ್ನು ಹೀಗೆ ಕಾಯಿಸಿ ನೇರ ಮಾಡಿಸಿಕೊಂಡಿರಲ್ಲ ಅಲ್ವಾ? ಕಾರ್ಯಕ್ರಮದ ಹಿಂದಿನ ಸಂಜೆ ಅವರು ಹಾರ್ಲೆಮ್‌ನ ಕ್ಷೌರದ ಅಂಗಡಿಗೆ ಹೋಗಿ ಕೂದಲನ್ನು ತೀರಾ ಗಿಡ್ಡಕ್ಕೆ ಕತ್ತರಿಸಿ ಅಂದರು. ಆಮೇಲೆ ತೊಳೆಸಿದರು, ಅದು ತನ್ನ ಗುಣಕ್ಕೆ ವಾಪಸ್ ಬರಲಿ ಅಂತ. ಯಾರೂ ಹೇಳಿಕೊಟ್ಟ ಲುಕ್ ಅಲ್ಲ ಅದು, ಪಾತ್ರವನ್ನು ಓದಿ ಅವರೇ ಕಂಡುಕೊಂಡದ್ದು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

1963ರಲ್ಲಿ ಸಿಬಿಎಸ್ ಟಿವಿ ಚಾನೆಲ್‌ನ 'ಈಸ್ಟ್ ಸೈಡ್/ವೆಸ್ಟ್ ಸೈಡ್' ಸರಣಿಗೆ ಅದೇ ಗಿಡ್ಡ ಕೂದಲಿನಲ್ಲಿ ಬಂದರು. ಕಪ್ಪು ನಟಿಯರಿಗೆ ಟಿವಿಯಲ್ಲಿ ಹೆಚ್ಚಾಗಿ ಮನೆಗೆಲಸದವಳ ಪಾತ್ರ ಸಿಗುತ್ತಿದ್ದ ಕಾಲ. ಇಲ್ಲಿ ಅವರದು ಸಮಾಜಸೇವಾ ಕಚೇರಿಯ ಸೆಕ್ರೆಟರಿ ಪಾತ್ರ, ಪ್ರತಿ ವಾರ ಬರುವಂಥದ್ದು. ಒಂದೇ ಸೀಸನ್ ನಡೆದರೂ ಆ ತಲೆ ದೇಶಕ್ಕೆಲ್ಲ ಕಂಡಿತು. ಕೂದಲು ನೇರ ಮಾಡುವ ಪಾರ್ಲರ್‌ನವರು "ನಿಮ್ಮಿಂದ ನಮ್ಮ ಗಿರಾಕಿಗಳು ಹೋಗ್ತಿದ್ದಾರೆ" ಅಂತ ಪತ್ರ ಬರೆದಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ.

1972ರ 'ಸೌಂಡರ್' ಚಿತ್ರದಲ್ಲಿ ಅವರು ರೆಬೆಕ್ಕಾ. ಲೂಸಿಯಾನದಲ್ಲಿ ಪರರ ಹೊಲ ಪಾಲಿಗೆ ಮಾಡುವ ಬಡ ರೈತನ ಹೆಂಡತಿ. ಆ ಪಾತ್ರಕ್ಕೆ ನೀವು ತೀರಾ ಚೆಂದ ಅಂತ ಮೊದಲು ಬೇಡವೆಂದಿದ್ದರಂತೆ, ಟೈಸನ್ ಬಿಡಲಿಲ್ಲ. ಜೈಲಿನಿಂದ ಗಂಡ ಕುಂಟುತ್ತಾ ಬರುವುದು ದೂರದಿಂದ ಕಂಡಾಗ ಅವರು ಮಣ್ಣುದಾರಿಯಲ್ಲಿ ಓಡುತ್ತಾರಲ್ಲ, ಅದನ್ನು ಒಮ್ಮೆ ನೋಡಿ. ಆ ಮುಖದಲ್ಲಿ ಮೇಕಪ್ ಅನ್ನುವುದೇ ಕಾಣುವುದಿಲ್ಲ. ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಅದೇ ಚಿತ್ರದ ಪ್ರಚಾರದಲ್ಲಿ ಬಿಳಿಯ ಪತ್ರಕರ್ತನೊಬ್ಬ, ಚಿತ್ರದ ಕಪ್ಪು ಹುಡುಗ ಅಪ್ಪನನ್ನು, ತನ್ನ ಮಗ ತನ್ನನ್ನು ಕರೆಯುವ ಹಾಗೇ, 'ಡ್ಯಾಡಿ' ಅಂತ ಕರೆಯುವುದು ತನಗೆ ಇರುಸುಮುರುಸಾಯಿತು ಅಂತ ಒಪ್ಪಿಕೊಂಡ. ಇನ್ನು ಮೇಲೆ ಪಾತ್ರಗಳನ್ನು ಆರಿಸಿಯೇ ಮಾಡಬೇಕು ಅಂತ ಟೈಸನ್ ಗಟ್ಟಿ ಮಾಡಿಕೊಂಡದ್ದು ಅಂಥ ಮಾತುಗಳಿಂದ.

1974ರಲ್ಲಿ ಟಿವಿಗಾಗಿ ಮಾಡಿದ 'ದಿ ಆಟೊಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್' ಬಂತು. ಗುಲಾಮಳಾಗಿ ಹುಟ್ಟಿ 110 ವರ್ಷ ಬದುಕಿದವಳ ಕಥೆ. ಟೈಸನ್‌ಗೆ ಆಗ 49. ಮೇಕಪ್ ಸ್ಟ್ಯಾನ್ ವಿನ್‌ಸ್ಟನ್ ಮತ್ತು ರಿಕ್ ಬೇಕರ್ ಅವರದು. ಇಂಥ ಕೆಲಸಕ್ಕೆ ಮೊದಲು ನಟಿಯ ಮುಖದ ಅಚ್ಚು ತೆಗೆಯಬೇಕು. ಅದರ ಮೇಲೆ ಜೇಡಿಮಣ್ಣಿನಲ್ಲಿ ಸುಕ್ಕುಗಳನ್ನು ತಿದ್ದಿ, ಮತ್ತೊಂದು ಅಚ್ಚು ಮಾಡಿ, ರಬ್ಬರ್ ನೊರೆ ತುಂಬಿ ಬೇಯಿಸಬೇಕು. ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರದಿದ್ದರೆ ಕ್ಯಾಮೆರಾ ಹಿಡಿದುಬಿಡುತ್ತದೆ. ಬಣ್ಣ ಇನ್ನೂ ಕಷ್ಟ. ಕಪ್ಪು ಚರ್ಮ ಅಂದರೆ ಒಂದೇ ಕಂದು ಬಣ್ಣ ಅಲ್ಲ. ಅದರೊಳಗೆ ಕೆಂಪಿದೆ, ಹಳದಿ ಇದೆ, ನೀಲಿಯೂ ಇದೆ. ಒಂದೇ ಬಣ್ಣ ಬಳಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ.

ರಬ್ಬರ್ ಸಣ್ಣ ಭಾವನೆಗಳನ್ನೆಲ್ಲ ನುಂಗಿಬಿಡುತ್ತದೆ. ಟೈಸನ್ ಅದನ್ನು ಕತ್ತಿನಿಂದ, ಉಸಿರಿನಿಂದ, ಹೆಜ್ಜೆಯಿಂದ ಗೆದ್ದರು. ಕೊನೆಯಲ್ಲಿ ಆ ಮುದುಕಿ ಕೋಲೂರಿಕೊಂಡು ಬಿಳಿಯರಿಗೆ ಮಾತ್ರ ಅಂತ ಇಟ್ಟ ಕುಡಿಯುವ ನೀರಿನ ಕೊಳಾಯಿಯ ತನಕ ಒಬ್ಬಳೇ ನಡೆದು ಹೋಗುತ್ತಾಳೆ, ಬಗ್ಗಿ ನೀರು ಕುಡಿಯುತ್ತಾಳೆ. ಮಾತೇ ಇಲ್ಲ. ಆ ವರ್ಷ ಅವರಿಗೆ ಟಿವಿ ಕೆಲಸಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಎರಡು ಬಂದವು.

ಅಷ್ಟಾದ ಮೇಲೂ ಕೆಲಸ ಸಾಲುಸಾಲಾಗಿ ಬರಲಿಲ್ಲ. ಕಪ್ಪು ಹೆಂಗಸನ್ನು ಹಗುರವಾಗಿ ತೋರಿಸುವ ಪಾತ್ರಗಳಿಗೆಲ್ಲ ಬೇಡ ಅಂದರು. ಹಾಗೆ ಬೇಡ ಅಂದಾಗ ತಿಂಗಳುಗಟ್ಟಲೆ ಸುಮ್ನೆ ಮನೆಯಲ್ಲಿ ಕೂರಬೇಕಾಗುತ್ತದೆ, ಬಾಡಿಗೆ ಮಾತ್ರ ನಿಲ್ಲೋದಿಲ್ಲ. ಈ ಲೈನಲ್ಲಿರುವ ಎಲ್ಲರಿಗೂ ಅದು ಗೊತ್ತು. 1977ರ ಟಿವಿ ಸರಣಿ 'ರೂಟ್ಸ್', 1994ರಲ್ಲಿ ಇನ್ನೊಂದು ಎಮ್ಮಿ, 2013ರಲ್ಲಿ 88ನೇ ವಯಸ್ಸಿಗೆ ರಂಗಭೂಮಿಯ ಟೋನಿ ಪ್ರಶಸ್ತಿ, 2018ರಲ್ಲಿ ಗೌರವ ಆಸ್ಕರ್. 2021ರ ಜನವರಿ 28ರಂದು ತೀರಿಕೊಂಡಾಗ 96 ವರ್ಷ. ಎರಡು ದಿನ ಮೊದಲಷ್ಟೇ ಅವರ ಆತ್ಮಕಥೆ ಹೊರಬಂದಿತ್ತು.

ನನ್ನ ಅಸಿಸ್ಟೆಂಟ್ ಹುಡುಗಿಯರಿಗೆ ನಾನು ತಪ್ಪದೆ ತೋರಿಸುವುದು 'ಹೌ ಟು ಗೆಟ್ ಅವೇ ವಿತ್ ಮರ್ಡರ್' ಸರಣಿಯ ಎರಡು ದೃಶ್ಯ. 2014ರ ಒಂದು ಕಂತಿನಲ್ಲಿ ಸರಣಿಯ ನಾಯಕಿ, ನಟಿ ವಯೋಲಾ ಡೇವಿಸ್ ಕನ್ನಡಿಯ ಮುಂದೆ ಕೂತು ವಿಗ್ ತೆಗೆಯುತ್ತಾರೆ, ಅಂಟಿಸಿದ ರೆಪ್ಪೆ ಕೀಳುತ್ತಾರೆ, ಬೇಸ್ ಒರೆಸುತ್ತಾರೆ. ಅದು ಬೇಕೇ ಬೇಕು ಅಂತ ಕೇಳಿ ಮಾಡಿಸಿದ್ದೂ ಅವರೇ. ಕೆಲವು ತಿಂಗಳ ನಂತರದ ಕಂತಿನಲ್ಲಿ ಆ ಪಾತ್ರದ ತಾಯಿ ಬರುತ್ತಾಳೆ. ತಾಯಿ 90 ವರ್ಷದ ಸಿಸಿಲಿ ಟೈಸನ್. ದೊಡ್ಡ ಲಾಯರ್ ಆಗಿರುವ ಮಗಳು ಅಮ್ಮನ ಮಂಡಿಗಳ ನಡುವೆ ಮಗುವಿನ ಹಾಗೆ ಕೂತಿದ್ದಾಳೆ. ಅಮ್ಮ ಬೈತಲೆ ತೆಗೆದು ಆ ಗುಂಗುರು ಕೂದಲನ್ನು ಬಾಚುತ್ತಾ, ಮಗಳಿಗೆ ಚಿಕ್ಕಂದಿನಲ್ಲಿ ಆದ ಅನ್ಯಾಯದ ಮಾತನ್ನು ಕೊನೆಗೂ ತೆಗೆಯುತ್ತಾಳೆ. ನಾನು ಆ ಬೆರಳುಗಳನ್ನೇ ನೋಡುತ್ತೇನೆ. ಎಲ್ಲಿ ಸಿಕ್ಕಿದೆ, ಎಲ್ಲಿ ಎಳೆದರೆ ನೋಯುತ್ತದೆ ಅನ್ನುವುದು ಆ ಬೆರಳುಗಳಿಗೆ ಗೊತ್ತು.