ವೈಟಾಂಗಿ ಒಪ್ಪಂದ: ಒಂದು ರಾತ್ರಿಯ ಅನುವಾದ, 185 ವರ್ಷಗಳ ವ್ಯಾಜ್ಯ

2024ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಸಂಸತ್ತಿನಲ್ಲಿ ಅಲ್ಲಿನ ಮೂಲನಿವಾಸಿ ಮಾವೋರಿ ಸಮುದಾಯದ ಯುವ ಸಂಸದೆಯೊಬ್ಬರು ಕಾಗದ ಹರಿದು, ಮಾವೋರಿಗಳ ಸಾಂಪ್ರದಾಯಿಕ ಕುಣಿತ ‘ಹಾಕಾ’ ಶುರುಮಾಡಿದ ವಿಡಿಯೊ ನಮ್ಮ ಮೊಬೈಲುಗಳಿಗೂ ಬಂದಿತ್ತು. ಆಕೆ ಹರಿದದ್ದು ಬ್ರಿಟನ್ ಮತ್ತು ಮಾವೋರಿ ನಾಯಕರ ನಡುವಿನ ವೈಟಾಂಗಿ ಒಪ್ಪಂದವನ್ನಲ್ಲ, ಅದರ ಅರ್ಥವನ್ನು ಕಾನೂನಿನಲ್ಲಿ ಹೊಸದಾಗಿ ಬರೆಯಹೊರಟ ಮಸೂದೆಯನ್ನು. ಆ ಸಿಟ್ಟು ಅರ್ಥವಾಗಬೇಕಾದರೆ 1840ರ ಫೆಬ್ರುವರಿ 4ರ ರಾತ್ರಿಗೆ ಹೋಗಬೇಕು.

ತಿಮಿಂಗಿಲ ಬೇಟೆಗಾರರು, ವ್ಯಾಪಾರಿಗಳು, ಪಾದ್ರಿಗಳು ಆಗಲೇ ಅಲ್ಲಿ ನೆಲೆಯೂರಿದ್ದರು. ಭೂಮಿ ಕೊಳ್ಳುವವರ ಪೈಪೋಟಿಯೂ ಶುರುವಾಗಿತ್ತು. ಬ್ರಿಟನ್ನಿನ ಪರವಾಗಿ ಒಪ್ಪಂದ ಮಾಡಿಕೊಳ್ಳಲು ಬಂದ ಕ್ಯಾಪ್ಟನ್ ವಿಲಿಯಂ ಹಾಬ್ಸನ್ ತಮ್ಮ ಇಂಗ್ಲಿಷ್ ಕರಡನ್ನು ಆ ಸಂಜೆ ಮಿಷನರಿ ಹೆನ್ರಿ ವಿಲಿಯಮ್ಸ್ ಕೈಗೆ ಕೊಟ್ಟರು. ಮರುದಿನವೇ ವೈಟಾಂಗಿಯಲ್ಲಿ ಮಾವೋರಿ ನಾಯಕರೆದುರು ಅದನ್ನು ಓದಬೇಕಿತ್ತು. ವಿಲಿಯಮ್ಸ್ ಮತ್ತು ಮಗ ಎಡ್ವರ್ಡ್ ಅದನ್ನು ರಾತ್ರೋರಾತ್ರಿ ಮಾವೋರಿ ಭಾಷೆಗೆ ತಂದರು.

ಇಡೀ ವ್ಯಾಜ್ಯ ಎರಡು ಪದಗಳಲ್ಲಿದೆ. ಇಂಗ್ಲಿಷ್ ಪಠ್ಯದ ಮೊದಲ ವಿಧಿಯಲ್ಲಿ ನಾಯಕರು ರಾಣಿಗೆ ಸಾರ್ವಭೌಮತ್ವ ಬಿಟ್ಟುಕೊಡುತ್ತಾರೆ. ಮಾವೋರಿಯಲ್ಲಿ ಅವರು ಕೊಡುವುದು ‘ಕಾವನಟಂಗ’. ‘ಗವರ್ನರ್’ ಮಾವೋರಿ ಬಾಯಲ್ಲಿ ‘ಕಾವನ’ ಆಗಿ, ಅದರಿಂದ ಹುಟ್ಟಿದ ಪದವಿದು. ಮಾವೋರಿ ಬೈಬಲ್ಲಿನಲ್ಲಿ ರೋಮನ್ ಗವರ್ನರ್ ಪಿಲಾತನೂ ‘ಕಾವನ’ನೇ. ಕನ್ನಡದಲ್ಲಿ ಹೇಳುವುದಾದರೆ ಆಡಳಿತ, ಅಷ್ಟೇ. ಎರಡನೇ ವಿಧಿ ಇಂಗ್ಲಿಷ್‌ನಲ್ಲಿ ಭೂಮಿ, ಕಾಡು, ಮೀನುಗಾರಿಕೆಯ ಸ್ವಾಧೀನದ ಭರವಸೆ. ಮಾವೋರಿಯಲ್ಲಿ ಅದು ‘ಟಿನೊ ರಂಗಟಿರಟಂಗ’, ಅಂದರೆ ನಾಯಕರ ಪೂರ್ಣ ಒಡೆತನ, ಯಜಮಾನಿಕೆ. ಭೂಮಿಯ ಮೇಲೆ ಮಾತ್ರವಲ್ಲ, ಹಳ್ಳಿಗಳ ಮೇಲೆ, ‘ಟಾವೊಂಗ’ ಎನಿಸಿದ ಎಲ್ಲ ಅಮೂಲ್ಯ ವಸ್ತುಗಳ ಮೇಲೆ.

‘ಮನ’ ಎಂಬ ಮಾವೋರಿ ಪದವೊಂದಿದೆ (ನಮ್ಮ ಮನಸ್ಸಿಗೆ ಸಂಬಂಧವಿಲ್ಲ). ಅಧಿಕಾರ, ಗೌರವ, ತೇಜಸ್ಸು ಎಲ್ಲವೂ ಅದರಲ್ಲಿವೆ. ಮಾವೋರಿ ನಾಯಕರು 1835ರಲ್ಲಿ ಮಾಡಿದ ಸ್ವಾತಂತ್ರ್ಯ ಘೋಷಣೆಯಲ್ಲಿ ಪರಮಾಧಿಕಾರಕ್ಕೆ ಬಳಸಿದ್ದು ಅದನ್ನೇ. ಆ ಘೋಷಣೆಯ ಅನುವಾದಕರೂ ಇದೇ ವಿಲಿಯಮ್ಸ್. ಐದು ವರ್ಷಗಳ ನಂತರದ ಒಪ್ಪಂದದಲ್ಲಿ ಆ ಪದ ಕಾಣೆ. ಬೇಕೆಂದೇ ಬಿಟ್ಟದ್ದೋ, ಅವಸರದಲ್ಲಿ ತಪ್ಪಿದ್ದೋ, ಇತಿಹಾಸಕಾರರು ಇನ್ನೂ ಚರ್ಚಿಸುತ್ತಿದ್ದಾರೆ. ಆದರೆ ‘ನಿಮ್ಮ ಮನವನ್ನು ಬಿಟ್ಟುಕೊಡಿ’ ಎಂದು ಬರೆದಿದ್ದರೆ ಎಷ್ಟು ಮಂದಿ ಸಹಿ ಹಾಕುತ್ತಿದ್ದರು?

5ರಂದು ದಿನವಿಡೀ ವಾಗ್ವಾದ ನಡೆಯಿತು. ನಮ್ಮ ಭೂಮಿ ಹಿಂತಿರುಗಿಸಿ ಎಂದರು ಕೆಲವರು. ಮಾವೋರಿ ನಾಯಕ ಟಾಮಟಿ ವಾಕಾ ನೆನೆ ಒಪ್ಪಂದದ ಪರ ಮಾತಾಡಿದ ಮೇಲೆ ಸಭೆಯ ಒಲವು ತಿರುಗಿತು. ಹಾಬ್ಸನ್ ಮುಂದಿನ ಸಭೆಯನ್ನು 7ಕ್ಕೆ ಇಟ್ಟುಕೊಂಡಿದ್ದರೂ ನಾಯಕರು 6ರಂದೇ ಸೇರಿಬಿಟ್ಟರು. ಪೂರ್ತಿ ಸಮವಸ್ತ್ರ ತೊಡಲೂ ಹೊತ್ತಿಲ್ಲದೆ ಹಾಬ್ಸನ್ ಧಾವಿಸಿದರು. ಇವರಿಗೆ ಇದು ಅರ್ಥವಾಗಿದೆಯೇ ಎಂದು ಮಿಷನ್ನಿನ ಮುದ್ರಕ ವಿಲಿಯಂ ಕೊಲೆನ್ಸೊ ಅಲ್ಲೇ ಕೇಳಿದರು. ಸಹಿ ನಿಲ್ಲಲಿಲ್ಲ. ಆ ವರ್ಷ ದೇಶದುದ್ದಕ್ಕೂ 500ಕ್ಕೂ ಹೆಚ್ಚು ನಾಯಕರು ಸಹಿ ಹಾಕಿದರು. ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಮಂದಿ ಮಾತ್ರ.

ಭೂಮಿಯ ನೆರಳು ರಾಣಿಗೆ ಹೋಗುತ್ತದೆ, ತಿರುಳು ನಮ್ಮಲ್ಲೇ ಉಳಿಯುತ್ತದೆ ಎಂದಿದ್ದರು ಉತ್ತರದ ನಾಯಕ ನೋಪೆರಾ ಪನಾಕರೆಯಾವ್. ಹೆಚ್ಚು ಕಾಲ ಕಳೆಯುವ ಮುನ್ನವೇ ಮಾತನ್ನು ತಿರುಗಿಸಿ, ನಮಗೆ ಉಳಿದದ್ದು ನೆರಳು ಎಂದರು. ಮೊದಲ ಸಹಿ ಹಾಕಿದವರೆಂದು ನೆನೆಯಲಾಗುವ ಹೋನೆ ಹೆಕೆಯ ಕಡೆಯವರು 1844ರಲ್ಲಿ ಬ್ರಿಟಿಷ್ ಧ್ವಜಸ್ತಂಭವನ್ನೇ ಕಡಿದುರುಳಿಸಿದರು.

ಮುಂದಿನ ನೂರಮೂವತ್ತು ವರ್ಷಗಳಲ್ಲಿ ಯುದ್ಧಗಳಾದವು, 1863ರ ಕಾನೂನಿನಡಿ ಭೂಮಿ ಜಪ್ತಿಯಾಯಿತು, 1877ರಲ್ಲಿ ನ್ಯಾಯಾಲಯವೊಂದು ಒಪ್ಪಂದವನ್ನೇ ಶೂನ್ಯವೆಂದಿತು. ಒಪ್ಪಂದದ ಮೂಲ ಹಾಳೆಗಳನ್ನು ಇಲಿಗಳು ಅಲ್ಲಲ್ಲಿ ತಿಂದವು. 1975ರಲ್ಲಿ ಮಾವೋರಿ ಭೂಮಿಗಾಗಿ ಫಿನಾ ಕೂಪರ್ ಮುಂದಾಳತ್ವದಲ್ಲಿ ಹೊರಟ ಕಾಲ್ನಡಿಗೆ ರಾಜಧಾನಿ ವೆಲಿಂಗ್ಟನ್ ತಲುಪಿತು. ಅದೇ ವರ್ಷ, ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ ಹುಟ್ಟಿತು. 1840ರಿಂದೀಚಿನ ದೂರುಗಳನ್ನು ಕೇಳುವ ಅಧಿಕಾರ ಅದಕ್ಕೆ ಬಂದದ್ದು 1985ರಲ್ಲಿ. 1987ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರ ಮತ್ತು ಮಾವೋರಿಗಳ ಸಂಬಂಧವನ್ನು ಪಾಲುದಾರಿಕೆಗೆ ಹೋಲಿಸಿತು. 1995ರಲ್ಲಿ ಭೂಮಿ ಕಳೆದುಕೊಂಡಿದ್ದ ವೈಕಾಟೊ ಮಾವೋರಿ ಜನರಿಗೆ 17 ಕೋಟಿ ನ್ಯೂಜಿಲೆಂಡ್ ಡಾಲರ್ ಮೌಲ್ಯದ ಪರಿಹಾರ ಸಿಕ್ಕಿತು, ಕ್ಷಮಾಪಣೆಯ ಕಾನೂನಿಗೆ ರಾಣಿ ಎಲಿಜಬೆತ್ ಸ್ವತಃ ಸಹಿ ಹಾಕಿದರು. ಕಳೆದುಕೊಂಡ ನೆಲದ ಬೆಲೆಗೆ ಹೋಲಿಸಿದರೆ ಆ ಹಣ ತೀರಾ ಸಣ್ಣದು.

1840ರ ಫೆಬ್ರುವರಿಯಲ್ಲಿ ಸಹಿ ಹಾಕಿದ ಉತ್ತರದ ನಾಯಕರು ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲ ಎಂದು ನ್ಯಾಯಮಂಡಳಿ 2014ರಲ್ಲಿ ಹೇಳಿತು. ಅಂದಿನ ಸರ್ಕಾರ ಅದನ್ನು ಒಪ್ಪಲಿಲ್ಲ. ಒಪ್ಪಂದದ ಸಾರವೆಂದು ಕಾನೂನುಗಳು ಉಲ್ಲೇಖಿಸುವ ತತ್ವಗಳನ್ನು ಹೊಸದಾಗಿ ನಿರೂಪಿಸುವ, ಆ ಸಂಸದೆ ಹರಿದುಹಾಕಿದ ಮಸೂದೆ 2025ರ ಏಪ್ರಿಲ್‌ನಲ್ಲಿ 112–11 ಮತಗಳಿಂದ ಬಿದ್ದುಹೋಯಿತು. ಜಾರಿಯಲ್ಲಿರುವ ಕಾನೂನುಗಳಲ್ಲಿ ಆ ತತ್ವಗಳ ಉಲ್ಲೇಖ ಎಲ್ಲೆಲ್ಲಿ ಇರಬೇಕು, ಯಾವುದನ್ನು ತೆಗೆಯಬೇಕು ಎಂಬ ಇನ್ನೊಂದು ಪರಿಶೀಲನೆಯನ್ನೂ ಆ ಮಸೂದೆ ತಂದ ಸರ್ಕಾರವೇ ಕೈಗೆತ್ತಿಕೊಂಡಿತ್ತು.