ಯಾವ ಫೈಲ್ ಬೇಡ ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದು ಹೇಗೆ?

ಜೆಂಟೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಳಸುವವರು ಡಿಸ್ಕ್ ತುಂಬಿದಾಗ ಮೊದಲು, ಇಳಿಸಿಕೊಂಡ ಸೋರ್ಸ್ ಫೈಲ್‌ಗಳು ಕೂರುವ ಡಿಸ್ಟ್‌ಫೈಲ್ಸ್ ಫೋಲ್ಡರ್ ತೆರೆದು ನೋಡಬೇಕು. ಎಷ್ಟೋ ಸಲ ಹಲವು ಜಿಬಿ ಜಾಗ ಅಲ್ಲೇ ಹೋಗಿರುತ್ತದೆ.

ಹೆಚ್ಚಿನ ಲಿನಕ್ಸ್‌ಗಳಲ್ಲಿ ಸಾಫ್ಟ್‌ವೇರ್ ಸಿದ್ಧವಾಗಿಯೇ ಬರುತ್ತದೆ. 2002ರಲ್ಲಿ ಮೊದಲ ಆವೃತ್ತಿ ಕಂಡ ಜೆಂಟೂ ದಾರಿ ಬೇರೆ. ಅದರ ಪೋರ್ಟೇಜ್ ಎಂಬ ಪ್ರೋಗ್ರಾಂ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಪಠ್ಯವನ್ನು, ಇಳಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡುತ್ತದೆ, ಅಂದರೆ ಓಡಿಸಬಹುದಾದ ಸಾಫ್ಟ್‌ವೇರ್ ಆಗಿ ಬದಲಿಸುತ್ತದೆ. ಕೆಲಸ ಮುಗಿದ ಮೇಲೆ ತಾತ್ಕಾಲಿಕ ಫೈಲ್‌ಗಳನ್ನು ಅಳಿಸುತ್ತದೆ. ಇಳಿಸಿದ ಸೋರ್ಸ್ ಮಾತ್ರ ಹಾಗೇ ಉಳಿಯುತ್ತದೆ.

ಇದು ಸುಮ್ನೆ ಅಲ್ಲ. ನಾಳೆ ನೀವು ಯಾವುದೋ ಸೌಲಭ್ಯ ಸೇರಿಸಿ ಅದನ್ನೇ ಮತ್ತೆ ಕಂಪೈಲ್ ಮಾಡಬಹುದು. ಆಗ ಮತ್ತೆ ಡೌನ್‌ಲೋಡ್ ಬೇಡ. ನಿಧಾನದ ಇಂಟರ್ನೆಟ್ ಇರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಹೊಸ ಆವೃತ್ತಿ ಬಂದರೂ ಹಳೆಯದು ಹೋಗುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಒಂದೇ, ಕುಗ್ಗಿಸಿದ ರೂಪದಲ್ಲೂ 100 ಎಂಬಿಗಿಂತ ಜಾಸ್ತಿ. ಕ್ರೋಮಿಯಂ ಬ್ರೌಸರಿನದು ಅದರ ಹಲವು ಪಟ್ಟು.

ಅಳಿಸಿದರೆ ತೊಂದರೆ ಆಗಲ್ವಾ? ಇನ್‌ಸ್ಟಾಲ್ ಆಗಿರುವ ಸಾಫ್ಟ್‌ವೇರಿಗೆ ಏನೂ ಆಗುವುದಿಲ್ಲ. ಸೋರ್ಸ್ ಮತ್ತೆ ಬೇಕಾದರೆ ಪೋರ್ಟೇಜ್ ಮತ್ತೆ ಇಳಿಸಿಕೊಳ್ಳುತ್ತದೆ. ಬಂದದ್ದು ಸರಿಯಾದ ಫೈಲೇ ಅಂತ ಬ್ಲೇಕ್2ಬಿ ಮತ್ತು ಎಸ್‌ಎಚ್‌ಎ512 ಚೆಕ್‌ಸಮ್‌ಗಳಿಂದ (ಫೈಲಿನ ಬೆರಳಚ್ಚಿನಂಥ ಸಂಖ್ಯೆಗಳಿಂದ) ಪರೀಕ್ಷಿಸುತ್ತದೆ. ಕೆಲವು ಫೈಲ್‌ಗಳನ್ನು ಮಾತ್ರ ಲೈಸೆನ್ಸ್ ಕಾರಣಕ್ಕೆ ನಾವೇ ಕೈಯಾರೆ ತಂದಿಟ್ಟಿರುತ್ತೇವೆ. ಅವುಗಳ ಬಗ್ಗೆ ಹುಷಾರಾಗಿರಿ. ಅದಕ್ಕೇ ಫೋಲ್ಡರನ್ನು ಪೂರ್ತಿ ಖಾಲಿ ಮಾಡುವುದಕ್ಕಿಂತ ಜೆಂಟೂಲ್‌ಕಿಟ್ ಎಂಬ ಉಪಕರಣಗಳ ಕಟ್ಟಿನಲ್ಲಿರುವ ಈಕ್ಲೀನ್-ಡಿಸ್ಟ್ ಆಜ್ಞೆ ಬಳಸುವುದು ವಾಸಿ. ಸಾಮಾನ್ಯವಾಗಿ ಅದು, ಪೋರ್ಟೇಜ್ ಪಟ್ಟಿಯಲ್ಲಿ ಇನ್ನೂ ಇರುವ ಆವೃತ್ತಿಗಳ ಸೋರ್ಸನ್ನು ಮುಟ್ಟುವುದಿಲ್ಲ. 'ಡೀಪ್' ಆಯ್ಕೆ ಕೊಟ್ಟರೆ ಈಗ ಇನ್‌ಸ್ಟಾಲ್ ಆಗಿರುವುದಕ್ಕೆ ಬೇಕಾದಷ್ಟನ್ನೇ ಉಳಿಸುತ್ತದೆ. 'ಪ್ರಿಟೆಂಡ್' ಕೊಟ್ಟರೆ ಏನೂ ಅಳಿಸದೆ ಪಟ್ಟಿ ಮಾತ್ರ ತೋರಿಸುತ್ತದೆ. ಮೊದಲು ಅದನ್ನೇ ಮಾಡಿ.

ನಿಮ್ಮ ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್) ಆಗಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಫೈಲ್ ಅಳಿಸಿದಾಗ, ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಫೈಲ್‌ಸಿಸ್ಟಮ್ 'ಈ ಜಾಗ ಖಾಲಿ' ಅಂತ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಎಸ್‌ಎಸ್‌ಡಿಗೆ ಆ ವಿಷಯ ತಾನಾಗಿ ಗೊತ್ತಾಗುವುದಿಲ್ಲ. ಅದು ಚಿಕ್ಕ ಪುಟಗಳಲ್ಲಿ ಬರೆಯುತ್ತದೆ, ಆದರೆ ಅಳಿಸುವಾಗ ಹಲವು ಪುಟಗಳ ದೊಡ್ಡ ಬ್ಲಾಕನ್ನೇ ಒಟ್ಟಿಗೆ ಅಳಿಸಬೇಕು. ಯಾವ ಪುಟ ಬೇಡ ಅಂತ ತಿಳಿಯದಿದ್ದರೆ, ಸತ್ತ ಡೇಟಾವನ್ನೂ ಜೋಪಾನವಾಗಿ ಬೇರೆ ಬ್ಲಾಕಿಗೆ ನಕಲು ಮಾಡುತ್ತಾ ಕೂರುತ್ತದೆ. ವೇಗ ಕುಗ್ಗುತ್ತದೆ, ಚಿಪ್ ಬೇಗ ಸವೆಯುತ್ತದೆ. ಎಫ್‌ಎಸ್‌ಟ್ರಿಮ್ ಆಜ್ಞೆ ಆ ಸುದ್ದಿಯನ್ನು ಎಸ್‌ಎಸ್‌ಡಿಗೆ ಮುಟ್ಟಿಸುತ್ತದೆ. ದೊಡ್ಡ ಸ್ವಚ್ಛತೆ ಮಾಡಿದ ಮೇಲೆ ಒಮ್ಮೆ ಅದನ್ನೂ ಓಡಿಸಿ.