ಯುರೋಪಿನ ಸಬ್ಸಿಡಿ ದೊಡ್ಡ ರೈತರಿಗೇ ಯಾಕೆ ಜಾಸ್ತಿ ಹೋಗುತ್ತೆ?

ಪ್ರಶ್ನೆ: ಯುರೋಪಿನ ಒಕ್ಕೂಟ ರೈತರಿಗೆ ಕೋಟಿಗಟ್ಟಲೆ ಸಬ್ಸಿಡಿ ಕೊಡುತ್ತದಂತೆ. ಆದರೂ ಅಲ್ಲಿನ ಸಣ್ಣ ರೈತರು ಯಾಕೆ ಒಕ್ಕಲುತನ ಬಿಡುತ್ತಿದ್ದಾರೆ?

ಉತ್ತರ: ಅಲ್ಲಿ ಹಣ ಬರುವುದು ಹೆಚ್ಚಾಗಿ ಜಮೀನಿನ ಅಳತೆ ಮೇಲೆ. ಹೆಕ್ಟೇರಿಗೆ 200 ಯೂರೋ ಅಂತ ಇಟ್ಟುಕೊಳ್ಳಿ. 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಇದ್ದವರಿಗೆ ವರ್ಷಕ್ಕೆ 1,000 ಯೂರೋ. 1,000 ಹೆಕ್ಟೇರ್ ಇದ್ದವರಿಗೆ 2 ಲಕ್ಷ! ನೂರಕ್ಕೆ 80ರಷ್ಟು ಹಣ 20ರಷ್ಟು ಜನರಿಗೆ ಹೋಗುತ್ತದೆ ಅನ್ನುವ ಮಾತು ಬಂದಿದ್ದು ಹೀಗೆ. ನಮ್ಮ ಪಿಎಂ ಕಿಸಾನ್‌ನಲ್ಲಿ ಎಕರೆ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಅಲ್ವಾ? ಅಲ್ಲಿ ಹಾಗಿಲ್ಲ.

ಶುರುವಿನಲ್ಲಿ ಈ ಲೆಕ್ಕ ಇರಲಿಲ್ಲ. 1962ರಲ್ಲಿ ಆರು ದೇಶಗಳು ಸೇರಿ ಬೆಳೆಗೆ ಖಾತರಿ ಬೆಲೆ ಕೊಟ್ಟವು. ಮಿಕ್ಕಿದ್ದನ್ನು ಸರ್ಕಾರವೇ ಕೊಳ್ಳುತ್ತಿತ್ತು. ರೈತರು ಬೆಳೆದರು, ಇನ್ನೂ ಬೆಳೆದರು. ಗೋದಾಮುಗಳಲ್ಲಿ ಬೆಣ್ಣೆ ರಾಶಿ ಬಿದ್ದು ‘ಬೆಣ್ಣೆ ಬೆಟ್ಟ’ ಅನ್ನುವ ಹೆಸರೇ ಬಂತು. 1984ರಲ್ಲಿ ಹಾಲಿಗೆ ಕೋಟಾ ಹಾಕಿದರು. 1992ರಲ್ಲಿ ಒಕ್ಕೂಟದ ಕೃಷಿ ಕಮಿಷನರ್ (ಕೃಷಿ ಮಂತ್ರಿ ಇದ್ದ ಹಾಗೆ) ಆಗಿದ್ದ ಐರ್ಲೆಂಡಿನ ರೇ ಮ್ಯಾಕ್‌ಶರಿ ಖಾತರಿ ಬೆಲೆಯನ್ನೇ ಇಳಿಸಿದರು. ಆ ನಷ್ಟ ತುಂಬಿಕೊಡೋಕೆ ಹೆಕ್ಟೇರಿಗೆ ಇಷ್ಟು ಅಂತ ಹಣ ಬಂತು. ದೊಡ್ಡವರಿಗೆ ಕಡಿಮೆ ಕೊಡೋಣ ಅಂತ ಅವರು ಆಗಲೇ ಹೇಳಿದ್ದರು. ದೊಡ್ಡ ಹಿಡುವಳಿಗಳಿದ್ದ ಬ್ರಿಟನ್ ಒಪ್ಪಲಿಲ್ಲ. ನಷ್ಟಕ್ಕೆ ಅಂತ ಕೊಟ್ಟ ಹಣ ಹಾಗೇ ಕಾಯಂ ಆಗಿಹೋಯಿತು.

ಇದರಲ್ಲಿ ಜಾಸ್ತಿ ನೋವಾಗುವುದು ಗೇಣಿಗೆ ಉಳುವವರ ವಿಷಯದಲ್ಲಿ. ಜಮೀನಿಗೆ ಸಬ್ಸಿಡಿ ಬರುತ್ತದೆ ಅಂತ ಗೊತ್ತಿರುವ ಮಾಲೀಕ ಗೇಣಿ ಏರಿಸುತ್ತಾನೆ. ರೈತನ ಖಾತೆಗೆ ಬಂದ ಹಣದಲ್ಲಿ ಒಂದಷ್ಟು ಮಾಲೀಕನ ಕೈಗೇ ಹೋಗುತ್ತದೆ. ಹೊಸಬರಿಗಂತೂ ಜಮೀನು ಕೊಳ್ಳೋದು ಇನ್ನೂ ಕಷ್ಟ.

ಹಾಗಾದರೆ ಮಿತಿ ಹಾಕಬಾರದಾ? ಒಬ್ಬರಿಗೆ ವರ್ಷಕ್ಕೆ 1 ಲಕ್ಷ ಯೂರೋ ಮಾತ್ರ ಅನ್ನುವ ಪ್ರಸ್ತಾಪ 2018ರಲ್ಲಿ ಬಂತು. ಕೊನೆಗೆ ಅದನ್ನು ಆಯಾ ದೇಶದ ಇಷ್ಟಕ್ಕೇ ಬಿಟ್ಟರು. ದೇಶ ದೇಶದ ಹಿಡುವಳಿ ಬೇರೆ ಬೇರೆ. 2020ರ ಲೆಕ್ಕದಲ್ಲಿ ಒಕ್ಕೂಟದ ಸುಮಾರು 91 ಲಕ್ಷ ಹಿಡುವಳಿಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ರೊಮೇನಿಯಾದಲ್ಲೇ ಇತ್ತು, ಬಹುಪಾಲು ತುಂಡು ಜಮೀನು. ಚೆಕ್ ದೇಶದಲ್ಲಿ ಸರಾಸರಿಯೇ 100 ಹೆಕ್ಟೇರಿಗಿಂತ ಜಾಸ್ತಿ. ಕಮ್ಯುನಿಸ್ಟ್ ಕಾಲದ ಸಾಮೂಹಿಕ ಜಮೀನುಗಳೇ ಅಲ್ಲಿ ಕಂಪನಿಗಳಾಗಿವೆ. ಇವರಿಬ್ಬರೂ ಒಂದೇ ಮಿತಿಗೆ ಹೇಗೆ ಒಪ್ಪುತ್ತಾರೆ?

2023ರಿಂದ ನೇರ ಹಣದ ನೂರಕ್ಕೆ 10 ಪಾಲನ್ನು ಸಣ್ಣ, ಮಧ್ಯಮ ಹಿಡುವಳಿಗಳ ಕಡೆ ತಿರುಗಿಸಬೇಕು ಅನ್ನುವ ನಿಯಮ ಬಂದಿದೆ. ದಾರಿ ಸರಿ, ಆದರೆ 10 ಸಾಲದು ಅನ್ನೋದು ನನ್ನ ಅನಿಸಿಕೆ. 2024ರಲ್ಲಿ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನ ಬೀದಿಗೆ ಪ್ರತಿಭಟನೆಗಿಳಿದ ರೈತರ ಟ್ರ್ಯಾಕ್ಟರ್‌ಗಳು ನುಗ್ಗಿದಾಗ, ಜಮೀನಿನ ನೂರಕ್ಕೆ 4 ಭಾಗವನ್ನು ಬೆಳೆ ಬೆಳೆಯದೆ ಬಿಡಬೇಕೆಂಬ ಪರಿಸರದ ಷರತ್ತನ್ನು ಕೈಬಿಟ್ಟರು. ಹೆಕ್ಟೇರ್ ಲೆಕ್ಕಕ್ಕೆ ಮಾತ್ರ ಯಾರೂ ಕೈಹಾಕಲಿಲ್ಲ.